ಹಿಂದಿನ ಸೀಟಿನವರಿಗೂ ಬ್ರೇಕು ಬೇಕು

“ಸಾಹೇಬ್ರು ಬರ್ಲಿಲ್ಲೇನ್ರಿ, ಅಕ್ಕೋರ?”

ಗ್ಯಾರೇಜಿನ ಬಾಗಿಲಿಗೆ ಬಂದ ಹೆಂಗಸನ್ನು ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ ಇದು. ಗಾಡಿಗೆ ಏನಾಗಿದೆ ಎಂಬುದು ಆಮೇಲಿನ ಮಾತು. ನಾನು ಬಾಡಗಂಡಿಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಪ್ಪತ್ತು ವರ್ಷ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಸಂತೆಯ ಚೀಲ ಹಿಡಿದು ಕುಳಿತಿದ್ದೇನೆ. ಆ ಗಾಡಿ ಹೇಗೆ ನಿಲ್ಲುತ್ತದೆ ಎಂದು ಒಂದು ದಿನವೂ ಕೇಳಿದವಳಲ್ಲ. ಕೇಳಬೇಕಿತ್ತು ಎಂದು ತಿಳಿದದ್ದು ಎಡಗೈ ಮುಂಗೈಯ ಎಲುಬು ಮುರಿದ ಮೇಲೆ.

ಕಬ್ಬಿನ ಹಂಗಾಮಿನ ದಿನಗಳು. ನಮ್ಮ ಸೀಮೆಯ ರಸ್ತೆಯಲ್ಲಿ ಆಗ ರಾತ್ರಿ ಹೊರಡುವುದೆಂದರೆ ದೇವರ ಮೇಲೆ ಭಾರ ಹಾಕಿದಂತೆ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯೂ ಇಲ್ಲ. ಬಾಗಲಕೋಟೆಯಲ್ಲಿ ನಂಟರ ಮನೆಯ ಕಾರ್ಯ ಮುಗಿಸಿ ಬರುತ್ತಿದ್ದೆವು. ಅನಗವಾಡಿಯ ಘಟಪ್ರಭಾ ಸೇತುವೆ ದಾಟುವ ಹೊತ್ತಿಗೆ ನನಗೆ ಏನೋ ಸುಟ್ಟ ವಾಸನೆ ಬಂತು. ಹೇಳಿದೆ. “ಯಾರೋ ಕಬ್ಬಿನ ರವದಿ ಸುಟ್ಟಾರ, ಸುಮ್ನಿರು,” ಎಂದರು ನಮ್ಮವರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆಳಕಿನಲ್ಲಿ ಟ್ರೇಲರಿನ ಬೆನ್ನು ಕಂಡಿತು. ಇವರು ಮುಂದಿನ ಬ್ರೇಕು ಹಿಡಿದರೆ ಲಿವರು ಮೆತ್ತಗೆ ಬಂದು ಹ್ಯಾಂಡಲ್ಲಿಗೆ ತಾಗಿತು. ಹಿಂದಿನದನ್ನು ಒತ್ತಿ ತುಳಿದರು. ಗಾಲಿ ಜಾರಿತು. ಇಬ್ಬರೂ ಎಡಕ್ಕೆ ಮಣ್ಣಿಗೆ ಬಿದ್ದೆವು. ಟ್ರೇಲರು ನಮ್ಮ ಮೈಯಿಂದ ಎರಡು ಮಾರು ದೂರವೂ ಇರಲಿಲ್ಲ.

ಆರು ವಾರ ಕೈಗೆ ಪ್ಲಾಸ್ಟರು. ಜೋಳದ ರೊಟ್ಟಿ ಬಡಿಯಲು ಎರಡೂ ಕೈ ಬೇಕೆಂಬುದು ಮನೆಯ ಗಂಡಸರಿಗೆ ಆಗ ತಿಳಿಯಿತು. ನನಗೆ ಸಿಟ್ಟು ಬಂದದ್ದು ಬಿದ್ದುದಕ್ಕಲ್ಲ. ಎರಡು ತಿಂಗಳಿಂದ “ಮುಂದಿನ ಬ್ರೇಕು ಸ್ವಲ್ಪ ಹಿಡದಂಗ ಆಗೇತಿ, ನೋಡೂಣು,” ಎನ್ನುತ್ತಿದ್ದ ಮನುಷ್ಯ ಅದೇ ಎರಡು ತಿಂಗಳಲ್ಲಿ ಗಾಡಿಗೆ ಹೊಸ ಸೀಟ್ ಕವರು ಹಾಕಿಸಿದ್ದರು, ಹಾರ್ನು ಬದಲಿಸಿದ್ದರು! ಮುಂದಿನವರಿಗೆ “ಸರಿ” ಎಂದು ಕೂಗಿ ಹೇಳಲು ದುಡ್ಡಿತ್ತು, ತಾನು ನಿಲ್ಲಲು ಇರಲಿಲ್ಲ.

ಗಾಡಿಯನ್ನು ಮೊದಲು ಒಯ್ದ ಗ್ಯಾರೇಜಿನಲ್ಲಿ ಸಿಕ್ಕ ಸಲಹೆ ಕೇಳಿ: “ಹಳೇ ಗಾಡಿ ಐತ್ರಿ. ಮುಂದಿನ ಡಿಸ್ಕ್ ಬಂದ್ ಮಾಡಿಬಿಡ್ತೀನಿ. ಹಿಂದಿಂದು ಐತಲ್ಲ, ಸಾಕು.” ನಮ್ಮವರೂ ತಲೆಯಾಡಿಸಿದರು. ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಗಾಡಿ ನಿಲ್ಲುವಾಗ ಅದರ ಭಾರ ಮುಂದಕ್ಕೆ ಬೀಳುತ್ತದೆ, ಮುಂದಿನ ಗಾಲಿ ನೆಲವನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಆದ್ದರಿಂದ ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಗಾಲಿಯದು. ಹಿಂದಿನದರಿಂದ ಮಾತ್ರ ಏನಾಗುತ್ತದೆ ಎಂಬುದಕ್ಕೆ ನನ್ನ ಕೈಯೇ ಸಾಕ್ಷಿ. “ಬಂದ್ ಮಾಡೂದು ಬ್ಯಾಡ್ರಿ,” ಎಂದು ಗಾಡಿಯನ್ನು ಬೇರೆ ಕಡೆ ಕಳಿಸಿದೆ. ಮರುದಿನ ನಾನೇ ಹೋಗಿ ಸ್ಟೂಲು ಕೇಳಿ ಕುಳಿತೆ.

ಅಲ್ಲಿನ ಮೇಸ್ತ್ರಿ ವಯಸ್ಸಾದವರು. ಮೊದಲು ಅವರೂ ಸಾಹೇಬರನ್ನೇ ಕೇಳಿದರು. ನಾನು ಏಳದಿದ್ದುದನ್ನು ನೋಡಿ ತೋರಿಸುತ್ತಾ ಹೋದರು. ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಲೋಹದ ಹಿಡಿಗೆ ಕ್ಯಾಲಿಪರ್ ಎಂದು ಹೆಸರು. ಪ್ಯಾಡು ತೆಗೆದು, ಬಟ್ಟೆ ಅಡ್ಡ ಹಿಡಿದು, ಲಿವರು ಒತ್ತಿ ಒತ್ತಿ ಒಳಗಿನ ಪಿಸ್ಟನ್ನನ್ನು ಹೊರಗೆ ತಂದರು. ಅದರ ಸುತ್ತ ಎರಡು ರಬ್ಬರ್ ಬಳೆಗಳು. ಹೊರಗಿನದು ಧೂಳು ತಡೆಯಲು. ಒಳಗಿನದು ಎಣ್ಣೆ ಸೋರದಂತೆ ತಡೆಯುವುದಷ್ಟೇ ಅಲ್ಲ, ಬ್ರೇಕು ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುವುದೂ ಅದೇ. ನಮ್ಮ ಗಾಡಿಯಲ್ಲಿ ಅದು ಒಣಗಿ ಬಿರುಸಾಗಿತ್ತು, ಅದು ಕೂರುವ ಗಾಡಿಯಲ್ಲಿ ತುಕ್ಕು ಕಟ್ಟಿತ್ತು. ಪಿಸ್ಟನ್ ಹಿಂದೆ ಸರಿಯದೆ ಪ್ಯಾಡು ದಾರಿಯುದ್ದಕ್ಕೂ ಡಿಸ್ಕಿಗೆ ಉಜ್ಜುತ್ತಾ ಬಂದಿತ್ತು. ನನಗೆ ಬಂದ ಸುಟ್ಟ ವಾಸನೆ ರವದಿಯದಲ್ಲ!

ಇನ್ನು ಬ್ರೇಕ್ ಎಣ್ಣೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಏನಾಗುತ್ತದೋ ಅದಕ್ಕೂ ಹಾಗೇ, ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ಎಣ್ಣೆ ಹೊಸದಾಗಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉಜ್ಜಿ ಉಜ್ಜಿ ಕಾದ ಡಿಸ್ಕಿನ ಪಕ್ಕದಲ್ಲಿ ನಮ್ಮ ಹಳೆಯ ಎಣ್ಣೆ ಕುದಿಯಿತು, ಗುಳ್ಳೆ ಎದ್ದಿತು. ದ್ರವವನ್ನು ಒತ್ತಿದರೆ ಒತ್ತಡ ಮುಂದಕ್ಕೆ ಹೋಗುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಮಾತ್ರ ಕುಗ್ಗುತ್ತದೆ. ಪಾಸ್ಕಲನ ನಿಯಮವನ್ನು ವರ್ಷ ವರ್ಷ ಕರಿಹಲಗೆಯ ಮೇಲೆ ಬರೆದವಳು ನಾನು. ಅದರ ಮೇಲೆ ಕುಳಿತೇ ಸಾಲೆಗೆ ಹೋಗುತ್ತಿದ್ದೆ ಎಂದು ಗೊತ್ತಿರಲಿಲ್ಲ!

ಮೇಸ್ತ್ರಿಯವರು ಸಂದಿಯ ತುಕ್ಕು ಕೆರೆದು, ಬ್ರೇಕ್ ಎಣ್ಣೆಯಿಂದಲೇ ತೊಳೆದರು. ಪೆಟ್ರೋಲು, ಸೀಮೆಎಣ್ಣೆ ತಾಗಿದರೆ ಈ ರಬ್ಬರು ಉಬ್ಬಿ ಕೆಡುತ್ತದೆಯಂತೆ. ಪಿಸ್ಟನ್ನಿನ ಹೊಳಪಿನಲ್ಲಿ ಕುಳಿ ಬಿದ್ದಿಲ್ಲವೆಂದು ಉಗುರಾಡಿಸಿ ನೋಡಿದರು. ಬಿದ್ದಿದ್ದರೆ ಅದೂ ಹೊಸದು ಬೇಕಿತ್ತು. ಹೊಸ ಸೀಲುಗಳನ್ನು ಎಣ್ಣೆಯಲ್ಲಿ ಅದ್ದಿ ಕೂರಿಸಿದರು, ಕ್ಯಾಲಿಪರು ಸರಿದಾಡುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸು ಹಚ್ಚಿದರು. ಕೊನೆಗೆ ನಿಪ್ಪಲ್ಲಿಗೆ ಪೈಪು ಹಾಕಿ, ಲಿವರು ಒತ್ತಿ ಹಿಡಿದು, ಗಾಳಿಯ ಗುಳ್ಳೆಗಳೆಲ್ಲ ಹೋಗುವ ತನಕ ಹೊಸ ಎಣ್ಣೆ ಹಾಯಿಸಿದರು. ಲಿವರು ಒತ್ತಿ ಹಿಡಿದವಳು ನಾನೇ, ಬಲಗೈಯಿಂದ. ಸೀಲ್ ಕಿಟ್ಟಿಗೆ ಕೊಟ್ಟದ್ದು ಸೀಟ್ ಕವರಿಗಿಂತ ಕಡಿಮೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಹೋಗುತ್ತಿದ್ದದ್ದು ಮಾನವಲ್ಲ, ಜೀವ.

ಈಗ ನನ್ನ ಜಗಳ. “ಹೆಂಗಸರಿಗೆ ಇದೆಲ್ಲಾ ಯಾಕ?” ಎನ್ನುವವರಿಗೆ ಕೇಳುತ್ತೇನೆ, ಕುಕ್ಕರಿನ ಗ್ಯಾಸ್ಕೆಟ್ಟು ಬಿರುಸಾಯಿತೆಂದು ಬೆರಳಿನಿಂದಲೇ ತಿಳಿಯುವವರು ಯಾರು? ಒಳಗೆ ಒತ್ತಡ ಹಿಡಿಯುವ ರಬ್ಬರ್ ಬಳೆ ಎಂದರೆ ಏನೆಂದು ಈ ದೇಶದಲ್ಲಿ ಹೆಂಗಸರಿಗಿಂತ ಚೆನ್ನಾಗಿ ಬಲ್ಲವರು ಯಾರು? ಗೊತ್ತಿಲ್ಲದ್ದು ನಮಗೆ ಯಂತ್ರವಲ್ಲ, ಅದರ ಹೆಸರು ಮಾತ್ರ. ಹೆಸರು ತಿಳಿಯದಂತೆ ನೋಡಿಕೊಂಡವರು “ನಿಮಗೆ ತಿಳಿಯೂದಿಲ್ಲ” ಎನ್ನುತ್ತಾರೆ.

1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೂರು ಗಾಲಿಯ ಮೋಟಾರು ಬಂಡಿಯಲ್ಲಿ, ಅವನಿಗೆ ಮೊದಲೇ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿನಷ್ಟು ದಾರಿ. ಇಳಿಜಾರುಗಳಲ್ಲಿ ಕಟ್ಟಿಗೆಯ ಬ್ರೇಕು ಸವೆಯಿತು. ಆಕೆ ಚಪ್ಪಲಿ ಹೊಲಿಯುವವನ ಬಳಿ ನಿಂತು ಬ್ರೇಕಿಗೆ ತೊಗಲು ಹೊಡೆಸಿಕೊಂಡು ಮುಂದೆ ನಡೆದಳು. ಬ್ರೇಕಿಗೆ ಪದರು ಹಾಕುವ ಉಪಾಯ ತವರಿಗೆ ಹೊರಟ ಹೆಂಗಸಿನದು. ಗ್ಯಾರೇಜಿನಲ್ಲಿ ನಮಗೆ ಸ್ಟೂಲು ಕೊಡುವುದು ಉಪಕಾರವಲ್ಲ.

“ಮನೆ, ನೌಕರಿ, ಮಕ್ಕಳು, ಇದರ ಮೇಲೆ ಇದೂ ನಮ್ಮ ತಲೆಗೇ?” ಎಂದು ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಮಾತು. ನೀವೇ ಪಾನಾ ಹಿಡಿದು ಕ್ಯಾಲಿಪರು ಬಿಚ್ಚಿರಿ ಎಂದು ನಾನು ಹೇಳುತ್ತಿಲ್ಲ. ಬ್ರೇಕು ಅರೆಬರೆ ಕಲಿತವರು ಕೈಯಾಡಿಸುವ ಜಾಗವಲ್ಲ. ಬಿಚ್ಚುವವರನ್ನು ಕೇಳಲು ಕಲಿಯಿರಿ ಎನ್ನುತ್ತೇನೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಆದರೆ ನಮ್ಮ ಊರುಗಳಲ್ಲಿ ಓಡುವ ಹಳೆಯ ಗಾಡಿಗಳನ್ನು ಯಾವ ಕಾನೂನೂ ಬಂದು ರಿಪೇರಿ ಮಾಡುವುದಿಲ್ಲ.

ಹತ್ತುವ ಮೊದಲು ಇಷ್ಟು ನೋಡಿರಿ. ಮುಂದಿನ ಲಿವರು ಒತ್ತಿದರೆ ಗಟ್ಟಿಯಾಗಿ ನಿಲ್ಲಬೇಕು, ಸ್ಪಂಜಿನಂತೆ ಇಳಿಯಬಾರದು. ಬ್ರೇಕ್ ಎಣ್ಣೆ ಕಿಂಡಿಯ ಕೆಳಗೆರೆಗಿಂತ ಮೇಲಿರಬೇಕು, ಕಪ್ಪಾಗಿರಬಾರದು, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಸ್ಟ್ಯಾಂಡು ಹಾಕಿ ಮುಂದಿನ ಗಾಲಿ ಎತ್ತಿಸಿ ತಿರುಗಿಸಿದರೆ ಅದು ಸಲೀಸಾಗಿ ತಿರುಗಬೇಕು. ಹಿಂದಿನ ಗಾಲಿಗೆ ಸೀರೆ ಸಿಕ್ಕದಂತೆ ಜಾಲರಿ ಇರಬೇಕೆಂದು 1989ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅಂದಕ್ಕೆಂದು ಅದನ್ನು ಬಿಚ್ಚಿಸುವ ಮಗನಿಗೆ ಗಾಡಿಯ ಕೀಲಿ ಕೊಡಬೇಡಿರಿ. ಇವುಗಳಲ್ಲಿ ಒಂದು ಸರಿಯಿಲ್ಲದಿದ್ದರೂ ಹತ್ತಬೇಡಿರಿ. ಬಸ್ಸಿಗೆ ಹೋಗಿರಿ, ತಡವಾಗಲಿ. “ಹಟಮಾರಿ” ಎನ್ನಲಿ.

ನಮ್ಮ ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರಿನ ತಾರೀಕಿನ ಪಕ್ಕದಲ್ಲಿ ಈಗ ಬ್ರೇಕ್ ಎಣ್ಣೆಯ ತಾರೀಕೂ ಇದೆ. ಹೋದ ತಿಂಗಳು ಮತ್ತೆ ಅದೇ ಗ್ಯಾರೇಜಿಗೆ ಹೋಗಿದ್ದೆ, ಕಾಲೇಜಿಗೆ ಹೋಗುವ ಮಗಳನ್ನೂ ಕರೆದುಕೊಂಡು. ಮೇಸ್ತ್ರಿಯವರು ಸಾಹೇಬರನ್ನು ಕೇಳಲಿಲ್ಲ. “ಏನಾಗೇತ್ರಿ ಅಕ್ಕೋರ, ಗಾಡಿಗೆ?” ಎಂದು ಕೇಳಿದರು.