ಉಪ್ಪಿನ ರಸ್ತೆಯ ವಾಹನವೂ ನಮ್ಮ ಲೇಪನದ ಹೊಣೆಯೂ

ಅಮೆರಿಕದ ಉತ್ತರ ರಾಜ್ಯಗಳಿಗೂ ಕೆನಡಾ ದೇಶಕ್ಕೂ ಲಾರಿ ಹಾಗೂ ಪಿಕಪ್ ವಾಹನಗಳ ಬಿಡಿಭಾಗಗಳನ್ನು ತಯಾರಿಸಿ ಕಳುಹಿಸುವ ಉದ್ಯಮಿಗಳು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಹಿಮ ಬಿದ್ದ ರಸ್ತೆಯನ್ನು ಕಣ್ಣಾರೆ ಕಂಡವರು ವಿರಳ. ಖರೀದಿದಾರರು ಕಳುಹಿಸುವ ನಕ್ಷೆಯ ಮೂಲೆಯಲ್ಲಿ ‘ಉಪ್ಪುನೀರಿನ ತುಂತುರು ಪರೀಕ್ಷೆ, 720 ಗಂಟೆ’ ಎಂಬ ಒಂದು ಸಾಲು ಇರುತ್ತದೆ. ದರ ಇಳಿಸಬೇಕಾಗಿ ಬಂದಾಗ ನಮ್ಮ ದೃಷ್ಟಿ ಮೊದಲು ಹೋಗುವುದು ಆ ಸಾಲಿನ ಮೇಲೆಯೇ. ಅದರ ಹಿಂದಿರುವ ವಾಸ್ತವವೇನೆಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಬರಹದ ಉದ್ದೇಶ.

ರಸ್ತೆಗೆ ಉಪ್ಪು ಸುರಿಯುವ ಪದ್ಧತಿ ಬಹಳ ಹಳೆಯದೇನಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯವು 1938ರಲ್ಲಿ ಇದನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಇಂದು ಆ ದೇಶವೊಂದೇ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪನ್ನು ರಸ್ತೆಗಳ ಮೇಲೆ ಚೆಲ್ಲುತ್ತದೆ. ವಾಹನೋದ್ಯಮದ ರಾಜಧಾನಿ ಎನಿಸಿದ ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ, ಸಾವಿರಕ್ಕೂ ಹೆಚ್ಚು ಅಡಿ ಆಳದಲ್ಲಿ, ವಿಶಾಲವಾದ ಉಪ್ಪಿನ ಗಣಿಯಿದೆ. ವಾಹನವನ್ನು ಹುಟ್ಟಿಸಿದ ನೆಲವೇ ಅದನ್ನು ತಿನ್ನುವ ಪದಾರ್ಥವನ್ನೂ ಒದಗಿಸುತ್ತಿದೆ! ಆದರೆ ಉಪ್ಪನ್ನು ನಿಲ್ಲಿಸಿರೆಂದು ಯಾರೂ ಹೇಳಲಾರರು. ಮಂಜುಗಡ್ಡೆಯ ಮೇಲೆ ಜಾರಿ ಹೋಗುವ ಪ್ರಾಣಗಳ ಮುಂದೆ ಚಾಸಿಸ್‌ನ ಆಯುಷ್ಯ ಗೌಣ.

ಸಾಧಾರಣ ಉಪ್ಪು ಶೂನ್ಯದ ಕೆಳಗೆ ಎಂಟು–ಒಂಬತ್ತು ಡಿಗ್ರಿ ಸೆಲ್ಸಿಯಸ್‌ವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಚಳಿ ಅದಕ್ಕಿಂತ ಹೆಚ್ಚಾದರೆ ಮೆಗ್ನೀಸಿಯಂ ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ಲೋಹಕ್ಕೆ ಇವು ಇನ್ನೂ ಅಪಾಯಕಾರಿ. ಸಾಧಾರಣ ಉಪ್ಪು ಗಾಳಿಯ ತೇವಾಂಶ ಶೇಕಡಾ 75ರಷ್ಟಾದಾಗ ಮಾತ್ರ ನೀರನ್ನು ಹೀರಿ ಕರಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್‌ಗೆ ಸುಮಾರು ಶೇಕಡಾ 33 ಸಾಕು. ಎಂದರೆ, ನೋಡುವವರಿಗೆ ಒಣಗಿದಂತೆ ಕಾಣುವ ಗಾಳಿಯಲ್ಲಿಯೂ ವಾಹನದ ತಳಭಾಗ ಒದ್ದೆಯಾಗಿಯೇ ಇರುತ್ತದೆ. ಉಪ್ಪು ಬೆರೆತ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ತುಕ್ಕಿನ ಕ್ರಿಯೆ ತೀವ್ರಗೊಳ್ಳುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುವುದರಿಂದ, ಒಂದರ ಮೇಲೊಂದು ಜೋಡಿಸಿದ ತಗಡುಗಳನ್ನೂ ಸ್ಪ್ರಿಂಗ್ ಪಟ್ಟಿಗಳನ್ನೂ ಬೆಣೆ ಬಡಿದಂತೆ ಬಿಡಿಸಿಬಿಡುತ್ತದೆ.

ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ಬಂಧುವೊಬ್ಬರ ಮನೆಗೆ ಫೆಬ್ರವರಿ ತಿಂಗಳಲ್ಲಿ ಹೋಗುವ ಅವಕಾಶ ನನಗೆ ಒದಗಿತ್ತು. ಅವರು ತಮ್ಮ ಪಿಕಪ್ ವಾಹನವನ್ನು ಬಿಸಿಯೇರಿಸಿದ ಗ್ಯಾರೇಜಿನಲ್ಲಿ ಮಗುವಿನಂತೆ ಜೋಪಾನ ಮಾಡುತ್ತಿದ್ದರು. ಅದನ್ನು ತಪಾಸಣೆಗೆ ಒಯ್ದಾಗ ಅಲ್ಲಿನ ವಯೋವೃದ್ಧ ಮೆಕ್ಯಾನಿಕ್ ವಾಹನವನ್ನು ಮೇಲೆತ್ತಿ, ಕೈಯಲ್ಲೊಂದು ಸಣ್ಣ ಸುತ್ತಿಗೆ ಹಿಡಿದು, ಚಾಸಿಸ್‌ನ ಉದ್ದಕ್ಕೂ ಬಡಿಯುತ್ತ ನಡೆದನು. ಮುಂದಿನ ಭಾಗದಲ್ಲಿ ಗಂಟೆಯಂತಹ ನಾದ ಬಂದಿತು. ಹಿಂದಿನ ಚಕ್ರದ ಮೇಲೆ ತೆಂಗಿನ ಚಿಪ್ಪು ಬಡಿದಂತಹ ಮಂಕು ಶಬ್ದ. ಹೊರಗೆ ಕಪ್ಪು ಬಣ್ಣ ಅಚ್ಚುಕಟ್ಟಾಗಿತ್ತು. ಪೆಟ್ಟಿಗೆಯಾಕಾರದ ಆ ಉಕ್ಕಿನ ಒಳಗೋಡೆ ಹಲ್ಲೆಹಲ್ಲೆಯಾಗಿ ಎದ್ದು ಬಂದಿತ್ತು. ಬಿಸಿಯಾದ ಗ್ಯಾರೇಜೇ ಹಾನಿಯನ್ನು ಹೆಚ್ಚಿಸಿತೆಂದು ಆತ ಹೇಳಿದಾಗ ನನ್ನ ಬಂಧು ನಂಬಲಿಲ್ಲ. ಆತನ ಮಾತು ಸರಿಯಾಗಿಯೇ ಇತ್ತು. ಹೊರಗಿನ ಕಡುಚಳಿಯಲ್ಲಿ ಉಪ್ಪಿನ ರಾಡಿ ಹೆಪ್ಪುಗಟ್ಟಿ ತುಕ್ಕು ನಿಧಾನವಾಗುತ್ತದೆ. ಬೆಚ್ಚನೆಯ ಕೋಣೆಯಲ್ಲಿ ಅದು ಕರಗಿ ಪ್ರತಿ ರಾತ್ರಿಯೂ ಕೆಲಸಕ್ಕೆ ತೊಡಗುತ್ತದೆ.

ಇನ್ನು ರಕ್ಷಣೆಯ ಮಾತು. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಮಾರ್ಗಗಳಿವೆ. ಡಾಂಬರು ಅಥವಾ ರಬ್ಬರಿನಂತಹ ದಪ್ಪ ಕಪ್ಪು ಲೇಪನ ಒಂದು. ಎಣ್ಣೆ, ಮೇಣ ಅಥವಾ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾದ, ಒಣಗದೆ ಉಳಿಯುವ ತೆಳು ಲೇಪನ ಇನ್ನೊಂದು. ಮೊದಲನೆಯದು ನೋಡಲು ಭದ್ರ, ಒಮ್ಮೆ ಬಳಿದರೆ ಮುಗಿಯಿತೆಂಬ ನೆಮ್ಮದಿಯೂ ಉಂಟು. ಹೊಚ್ಚಹೊಸ ಶುಭ್ರ ಲೋಹದ ಮೇಲಾದರೆ ಅದಕ್ಕೆ ತಕ್ಕ ಬೆಲೆಯಿದೆ. ಆದರೆ ವರ್ಷಗಳು ಕಳೆದಂತೆ ಅದು ಗಡುಸಾಗಿ, ಕಲ್ಲಿನ ಪೆಟ್ಟಿಗೆ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಹೊಕ್ಕ ಉಪ್ಪುನೀರು ಹೊರಬರಲಾರದೆ ಮರೆಯಲ್ಲಿ ಲೋಹವನ್ನು ತಿನ್ನುತ್ತದೆ. ಈಗಾಗಲೇ ತುಕ್ಕು ಹಿಡಿದ ಭಾಗದ ಮೇಲೆ ಅದನ್ನು ಬಳಿಯುವುದು ಗಾಯವನ್ನು ತೊಳೆಯದೆ ಬಟ್ಟೆ ಸುತ್ತಿದಂತೆ. ಎಣ್ಣೆಯ ಲೇಪನವಾದರೋ ಕೊಳಕಾಗಿ ಕಾಣುತ್ತದೆ, ತೊಟ್ಟಿಕ್ಕುತ್ತದೆ, ಪ್ರತಿ ವರ್ಷ ಚಳಿಗಾಲಕ್ಕೆ ಮುನ್ನ ಮತ್ತೆ ಹಾಕಿಸಬೇಕಾಗುತ್ತದೆ. ಆದರೆ ಅದು ಸಂದುಗಳಿಗೆ ಹರಿದು ಹೋಗುತ್ತದೆ, ಗೀರು ಬಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ, ಉದ್ದನೆಯ ನಳಿಕೆಯಿಂದ ಚಾಸಿಸ್‌ನ ಒಳಭಾಗಕ್ಕೂ ಸಿಂಪಡಿಸಬಹುದು. ಬ್ರೇಕ್ ಡಿಸ್ಕ್ ಮತ್ತು ಹೊಗೆ ಕೊಳವೆಗೆ ತಾಗದಂತೆ, ನೀರು ಬಸಿಯುವ ರಂಧ್ರಗಳು ಮುಚ್ಚದಂತೆ ಎಚ್ಚರ ವಹಿಸಿದರೆ, ಬಳಕೆಯಲ್ಲಿರುವ ವಾಹನಕ್ಕೆ ಇದೇ ಮೇಲೆಂಬುದು ನನ್ನ ಅಭಿಪ್ರಾಯ. ನಮ್ಮ ಕರಾವಳಿಯಲ್ಲಿ ಮೀನಿನ ಲಾರಿಗಳ ಉಪ್ಪುನೀರನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಚಳಿಗಾಲದುದ್ದಕ್ಕೂ ಆಗಾಗ, ಅದರಲ್ಲಿಯೂ ಹಿಮ ಕರಗಿದ ಮೇಲೆ ಬೇಸಿಗೆ ಬರುವ ಮುನ್ನ, ತಳಭಾಗವನ್ನು ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯದಿದ್ದರೆ ಯಾವ ಲೇಪನವೂ ಪೂರ್ತಿ ಕಾಯಲಾರದು.

ಆದರೆ ಮಾಲೀಕನು ಬಳಿಯುವ ಎಣ್ಣೆ ಎರಡನೆಯ ರಕ್ಷಣೆ. ಮೊದಲನೆಯದು ಕಾರ್ಖಾನೆಯಲ್ಲಿ ಆಗಬೇಕಾದದ್ದು. ಅಲ್ಲಿ ಲೋಪವಾದರೆ ಏನಾಗುತ್ತದೆಂಬುದಕ್ಕೆ ಟೊಯೋಟಾ ಕಂಪನಿಯ ಅನುಭವವೇ ಸಾಕ್ಷಿ. 1995ರಿಂದ 2000ದವರೆಗಿನ ಟಕೋಮಾ ಪಿಕಪ್‌ಗಳ ಚಾಸಿಸ್ ತುಕ್ಕು ಹಿಡಿದು ತೂತು ಬೀಳುತ್ತಿದ್ದುದರಿಂದ, 2008ರಲ್ಲಿ ಆ ಕಂಪನಿಯು ಅವುಗಳ ಖಾತರಿಯನ್ನು 15 ವರ್ಷಗಳಿಗೆ ವಿಸ್ತರಿಸಿತು. ತೀರ ಹಾಳಾದವುಗಳನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಹಣ ಕೊಟ್ಟು ಮರಳಿ ಕೊಂಡಿತು. ಮುಂದಿನ ತಲೆಮಾರಿನ ಟಕೋಮಾ, ಟುಂಡ್ರಾ, ಸಿಕ್ವೋಯಾ ವಾಹನಗಳ ಬಗೆಗೆ 2016ರಲ್ಲಿ ಆದ ನ್ಯಾಯಾಲಯದ ರಾಜಿಯು ಸುಮಾರು 15 ಲಕ್ಷ ವಾಹನಗಳಿಗೆ ಅನ್ವಯಿಸಿತು. ಅದರ ಮೌಲ್ಯವನ್ನು 340 ಕೋಟಿ ಡಾಲರ್‌ವರೆಗೆ ಅಂದಾಜು ಮಾಡಲಾಯಿತು. ಕಂಪನಿಯು ತಪ್ಪನ್ನು ಒಪ್ಪಿಕೊಳ್ಳಲಿಲ್ಲವೆಂಬುದನ್ನೂ ಹೇಳತಕ್ಕದ್ದು. ಅಷ್ಟು ದೊಡ್ಡ ಸಂಸ್ಥೆ ಆ ಭಾರವನ್ನು ತಾಳಿಕೊಂಡಿತು. ಅದರ ಸಾವಿರದ ಒಂದು ಪಾಲನ್ನೂ ತಾಳುವ ಶಕ್ತಿ ನಮ್ಮ ಸಣ್ಣ ಘಟಕಗಳಿಗಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಘಟಕದಿಂದ ಸತು–ನಿಕ್ಕಲ್ ಲೇಪನದ ಬ್ರಾಕೆಟ್‌ಗಳನ್ನು ಕಳುಹಿಸಿದ್ದೆವು. ಮಾದರಿಗಳು 720 ಗಂಟೆಗಳ ಪರೀಕ್ಷೆಯನ್ನು ಸುಲಲಿತವಾಗಿ ದಾಟಿದ್ದವು. ಆದರೆ ಒಂದು ಕಂತಿನಲ್ಲಿ ರಂಧ್ರಗಳ ಅಂತರ ಸ್ವಲ್ಪ ತಪ್ಪಿತೆಂದು, ಲೇಪನವಾದ ಮೇಲೆ, ರವಾನೆಯ ದಿನ ಸಮೀಪಿಸಿದ್ದ ಗಡಿಬಿಡಿಯಲ್ಲಿ, ಮತ್ತೆ ಡ್ರಿಲ್ ಹಾಕಿಸಿದೆವು. ಸತುವು ತಾನು ಸವೆದು ಉಕ್ಕನ್ನು ಉಳಿಸುವುದು ನಿಜ. ಆದರೆ ಎಂಟು–ಹತ್ತು ಮೈಕ್ರಾನಿನ ಪದರವು ಆರು ಮಿಲಿಮೀಟರ್ ದಪ್ಪದ ಬೆತ್ತಲೆ ಅಂಚನ್ನು ಎಷ್ಟು ಕಾಲ ಕಾದೀತು? ಎರಡನೆಯ ಚಳಿಗಾಲಕ್ಕೆ ಛಾಯಾಚಿತ್ರಗಳು ಬಂದವು: ಪ್ರತಿ ರಂಧ್ರದಿಂದಲೂ ಕೆಂಪು ನೀರು ಇಳಿದ ಗೆರೆ. ಆ ಕಂತಿನ ಪೂರ್ತಿ ಹಣವನ್ನೂ, ಬಿಚ್ಚಿ ಜೋಡಿಸಿದ ಕೂಲಿಯನ್ನೂ ಕೊಡಬೇಕಾಯಿತು. ಅಲ್ಲಿನ ಒಂದು ಗಂಟೆಯ ಕೂಲಿ ನಮ್ಮ ಹತ್ತಾರು ಬ್ರಾಕೆಟ್‌ಗಳ ಬೆಲೆಗೆ ಸಮ.

ಆದುದರಿಂದ ಪರೀಕ್ಷೆಯ ಗಂಟೆಗಳನ್ನು ಮಾತ್ರ ನೆಚ್ಚಿಕೊಳ್ಳಲಾಗದು. ಎಎಸ್‌ಟಿಎಂ ಬಿ 117 ಎಂಬ ಈ ಪರೀಕ್ಷಾಕ್ರಮ ಪ್ರಕಟವಾದದ್ದು 1939ರಲ್ಲಿ. 35 ಡಿಗ್ರಿ ಉಷ್ಣದಲ್ಲಿ ಶೇಕಡಾ 5ರ ಉಪ್ಪುನೀರಿನ ಮಂಜನ್ನು ಎಡೆಬಿಡದೆ ಹಾಯಿಸುತ್ತಾರೆ. ಒಂದು ಲೇಪನವನ್ನು ಇನ್ನೊಂದರೊಡನೆ ಹೋಲಿಸಲು ಅದು ಉಪಯುಕ್ತ; ಇಷ್ಟು ಗಂಟೆಗೆ ಇಷ್ಟು ವರ್ಷವೆಂಬ ಲೆಕ್ಕ ಅದರಲ್ಲಿಲ್ಲ. ನಿಜವಾದ ರಸ್ತೆಯಲ್ಲಿ ಒದ್ದೆಯೂ ಒಣಗುವಿಕೆಯೂ ಸರದಿಯಲ್ಲಿ ಬರುತ್ತವೆ. ವಾಹನ ತಯಾರಕರು ಸರದಿ ಪರೀಕ್ಷೆಗಳನ್ನು ಕೇಳುತ್ತಿರುವುದು ಆ ಕಾರಣಕ್ಕೆ. ವೆಲ್ಡಿಂಗ್, ಬಾಗಿಸುವಿಕೆ, ರಂಧ್ರ ಎಲ್ಲವೂ ಮುಗಿದ ಮೇಲೆಯೇ ಲೇಪನವಾಗಬೇಕು. ಮುಚ್ಚಿದ ಭಾಗಕ್ಕೆ ನೀರು ಬಸಿಯುವ ದಾರಿ ಇರಬೇಕು. ಚೂಪು ಅಂಚುಗಳನ್ನು ಉಜ್ಜಿ ದುಂಡಾಗಿಸಬೇಕು, ಏಕೆಂದರೆ ಬಣ್ಣ ಅಂಚಿನಲ್ಲಿ ತೆಳುವಾಗುತ್ತದೆ. ಇವು ಯಾವುವೂ ದುಬಾರಿಯ ಕೆಲಸಗಳಲ್ಲ. ದುಬಾರಿಯಾದದ್ದು ಸತು–ನಿಕ್ಕಲ್ ಅಥವಾ ಸತುವಿನ ಹಳಕುಗಳ ಲೇಪನ ಮಾತ್ರ. ಅದನ್ನು ಉಳಿಸಹೋಗಿ ಅಗ್ಗದ ಸತುವಿನ ಮೇಲೆ ಕಪ್ಪು ಬಣ್ಣ ಬಳಿದು ಕೊಡುವವರೂ ನಮ್ಮಲ್ಲಿದ್ದಾರೆ. ಬಂದರಿನಲ್ಲಿ ಎರಡೂ ಒಂದೇ ಬಗೆಯಾಗಿ ಹೊಳೆಯುತ್ತವೆ.

ಪರೀಕ್ಷಾ ಕೊಠಡಿಯ ವೆಚ್ಚ ಒಂಟಿ ಘಟಕಕ್ಕೆ ಹೊರೆಯೆಂಬುದು ನಿಜ. ನಾಲ್ಕೈದು ಘಟಕಗಳು ಕೂಡಿ ಒಂದನ್ನು ಸ್ಥಾಪಿಸಿಕೊಂಡು, ಮಾದರಿಯ ತುಂಡನ್ನಲ್ಲದೆ ಪ್ರತಿ ಕಂತಿನಿಂದಲೂ ಕಣ್ಣುಮುಚ್ಚಿ ಆರಿಸಿದ ತುಂಡನ್ನು ಅದರಲ್ಲಿ ಇಡುವುದು ಸಾಧ್ಯವಿದೆ. ಈ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ನನ್ನ ವಿನಂತಿ.

ಕಳೆದ ತಿಂಗಳು ಖರೀದಿದಾರರೊಬ್ಬರು ಲೇಪನವನ್ನು ಸಾಧಾರಣ ಸತುವಿಗೆ ಇಳಿಸಿ ಹೊಸ ದರ ತಿಳಿಸುವಂತೆ ನಮ್ಮ ಘಟಕಕ್ಕೆ ಬರೆದಿದ್ದರು. ಎರಡು ದರಪಟ್ಟಿಗಳನ್ನು ಕಳುಹಿಸಿದ್ದೇವೆ. ಅಗ್ಗದ ಪಟ್ಟಿಯ ಕೆಳಗೆ, ಉಪ್ಪು ಸುರಿಯುವ ಪ್ರದೇಶಗಳ ಬಳಕೆಗೆ ಇದು ಯೋಗ್ಯವಲ್ಲವೆಂದು ಸ್ಪಷ್ಟವಾಗಿ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.