ಸೀರೆಯ ಬೆಲೆ ಗೊತ್ತು, ಮಜೂರಿ ಎಷ್ಟು?

ಕಳೆದ ತಿಂಗಳು ಗೆಳತಿಯ ಮದುವೆಗೆ ಉಡುಗೊರೆ ಕೊಡಲೆಂದು ಬೆಂಗಳೂರಿನ ಒಂದು ಕೈಮಗ್ಗ ಮೇಳಕ್ಕೆ ಹೋಗಿದ್ದೆ. ಕೆಂಪು ಸೆರಗಿನ ಇಳಕಲ್ ರೇಷ್ಮೆ ಸೀರೆಯೊಂದು ಕಣ್ಣಿಗೆ ಬಿತ್ತು. ಬೆಲೆ 9,500 ರೂಪಾಯಿ. ಅದಕ್ಕೊಂದು ಚೀಟಿ ಕಟ್ಟಿದ್ದರು. ಈ ಸೀರೆ ಕೊಂಡು ನೀವು ಒಂದು ಪರಂಪರೆಯನ್ನು ಉಳಿಸುತ್ತಿದ್ದೀರಿ ಎಂಬ ಅರ್ಥದ ಮಾತು ಅದರಲ್ಲಿತ್ತು. ಪಕ್ಕದಲ್ಲಿದ್ದವರು ಅದನ್ನು ಓದಿ, ಒಂದು ಪುಣ್ಯದ ಕೆಲಸ ಮುಗಿಸಿದವರಂತೆ ಕಾರ್ಡ್ ಉಜ್ಜಿ ಹೊರಟರು.

ನಾನು ಸೀರೆಯ ಫೋಟೋ ತೆಗೆದು ಊರಿನಲ್ಲಿರುವ ಸೋದರಮಾವನಿಗೆ ಕಳಿಸಿದೆ. ಅವನು ನಲವತ್ತು ವರ್ಷದಿಂದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು. ಐದು ನಿಮಿಷಕ್ಕೆ ಫೋನ್ ಬಂತು.

‘ಇಂಥಾದ್ದು ನೇಯಾಕ ನನಗ ಮೂರ್ನಾಕು ದಿನ ಬೇಕವಾ. ಸಾವಕಾರ 1,100 ಕೊಡ್ತಾನ. ಉಳಿದಿದ್ದು ಯಾರ ಪರಂಪರಿಗೆ ಹೋತು?’

‘ರೇಷ್ಮಿ, ಬಣ್ಣ, ಅಂಗಡಿ ಬಾಡಿಗಿ ಎಲ್ಲಾ ಇರ್ತಾವಲ್ಲ ಮಾವ’ ಎಂದೆ.

‘ಇರ್ತಾವ, ಇಲ್ಲ ಅನ್ನಂಗಿಲ್ಲ. ಆದ್ರ ಅವೆಲ್ಲಾ ವರ್ಷಾ ವರ್ಷಾ ಏರ್ತಾವು. ನನ್ನ ಮಜೂರಿ ಒಂದs ಯಾಕ ಕುಂತಲ್ಲೇ ಕುಂತೈತಿ?’

ಕೈಮಗ್ಗದ ವಿಷಯದಲ್ಲೇ ಪಿಎಚ್‌ಡಿ ಮಾಡುತ್ತಿರುವ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ.

‘ಪ್ರಜ್ಞಾವಂತ ಖರೀದಿ’ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಕಡಿಮೆ ಕೊಳ್ಳಿ, ಒಳ್ಳೆಯದನ್ನು ಕೊಳ್ಳಿ, ಕೈಯಿಂದ ಮಾಡಿದ್ದನ್ನು ಕೊಳ್ಳಿ. ಇದರಲ್ಲಿ ತಪ್ಪೇನಿಲ್ಲ. ನಾಲ್ಕು ಸಲ ಒಗೆದರೆ ಬಣ್ಣಗೆಡುವ ಬಟ್ಟೆಗಿಂತ ಇಪ್ಪತ್ತು ವರ್ಷ ಬಾಳುವ ಸೀರೆ ಮೇಲು. ನನ್ನ ತಕರಾರು ಬೇರೆ. ಈ ಕಥೆಯಲ್ಲಿ ಕೊಳ್ಳುವವರು ಉದ್ಧಾರಕರು, ಕಲೆ ಉದ್ಧಾರವಾಗಬೇಕಾದದ್ದು. ನೇಕಾರ ಮಾತ್ರ ಚೀಟಿಯ ಮೇಲಿನ ಕಪ್ಪು-ಬಿಳುಪು ಚಿತ್ರ. ಅವನ ಸುಕ್ಕುಗಟ್ಟಿದ ಕೈ ಕಾಣುತ್ತದೆ, ಆ ಕೈಗೆ ಎಷ್ಟು ಬಂತು ಎಂಬುದು ಕಾಣುವುದಿಲ್ಲ.

ಇಳಕಲ್ ಸೀರೆಯನ್ನೇ ನೋಡಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದೇ ಎಳೆಗೆ ಕೊಂಡಿ ಹಾಕಿ ಎರಡನ್ನೂ ಜೋಡಿಸಬೇಕು. ಹಾಗೆ ಜೋಡಿಸಿದ ಹಾಸಿನಲ್ಲಿ ಬರುವುದು ಒಂದೇ ಸೀರೆ. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಕೊಂಡಿ. ನಮ್ಮ ಮನೆಯಲ್ಲಿ ಈ ಕೆಲಸ ಅತ್ತೆಯದು. ಲಾಳಿಗೆ ಕಂಡಿಕೆ ಸುತ್ತುವುದೂ ಅವಳೇ. ಮಾವನಿಗೆ ಸೀರೆಯ ಲೆಕ್ಕದಲ್ಲಾದರೂ ಮಜೂರಿ ಇದೆ. ಅತ್ತೆಯ ಕೆಲಸಕ್ಕೆ ಪ್ರತ್ಯೇಕ ಲೆಕ್ಕವೇ ಇಲ್ಲ. ಆ 1,100ರಲ್ಲಿ ಅವಳೂ ಸೇರಿದ್ದಾಳೆ. ಕೇಳಿದರೆ ‘ಮನಿ ಕೆಲಸ’ ಅನ್ನುತ್ತಾಳೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ, ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡರಷ್ಟರ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಅಂದರೆ ಇಡೀ ಮನೆಯ ತಿಂಗಳ ಬದುಕಿಗಿಂತ ನಾನು ನೋಡಿದ ಒಂದು ಸೀರೆಯ ಬೆಲೆ ಹೆಚ್ಚು.

‘ಕೈಮಗ್ಗದ ಗುರುತು ನೋಡಿ ಕೊಳ್ಳಿ, ಮೋಸ ಹೋಗುವುದಿಲ್ಲ’ ಎನ್ನುತ್ತಾರೆ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಬಟ್ಟೆ ಕೈಮಗ್ಗದ್ದು ಎಂದು ಹೇಳುತ್ತದೆ. ಜಿಐ ಟ್ಯಾಗ್ ಅದು ಇಳಕಲ್ಲಿನದೇ ಎಂದು ಹೇಳುತ್ತದೆ. ಎರಡೂ ಬೇಕು. ವಿದ್ಯುತ್ ಮಗ್ಗದಲ್ಲಿ ನೇಯ್ದು ಇಳಕಲ್ ಹೆಸರಿನಲ್ಲಿ ಮಾರುವ ಸೀರೆಗಳ ನಡುವೆ ಅವು ಬೇಕೇ ಬೇಕು. ಆದರೆ ಇವೆರಡೂ ಕೊಳ್ಳುವವರಿಗೆ ಮೋಸವಾಗದಂತೆ ಕಾಯುತ್ತವೆ. ನೇಯ್ದವರಿಗೆ ಮೋಸವಾಗಿದೆಯೇ ಎಂದು ಹೇಳುವ ಗುರುತು ಸೀರೆಯ ಯಾವ ಮೂಲೆಯಲ್ಲೂ ಇಲ್ಲ.

ಈ ಪ್ರಶ್ನೆ ಹೊಸದೂ ಅಲ್ಲ. ನಮ್ಮ ದೇಶದಲ್ಲಿ ಬಟ್ಟೆ ಕೊಳ್ಳುವುದನ್ನು ಆತ್ಮಸಾಕ್ಷಿಯ ವಿಷಯ ಮಾಡಿದ್ದು ಖಾದಿ. 1935ರಲ್ಲಿ ಗಾಂಧೀಜಿ, ನೂಲುವ ಹೆಂಗಸರಿಗೆ ಹೊಟ್ಟೆ ತುಂಬುವಷ್ಟು ಕೂಲಿ ಸಿಗಲೇಬೇಕು ಎಂದು ಅಖಿಲ ಭಾರತ ಚರಕಾ ಸಂಘದ ಮುಂದೆ ಪಟ್ಟು ಹಿಡಿದರು. ಬೆಲೆ ಏರುತ್ತದೆ, ಮಾರಾಟ ಬೀಳುತ್ತದೆ ಎಂದು ಸ್ವಂತ ಕಾರ್ಯಕರ್ತರೇ ಹೆದರಿದರು. ಗಾಂಧಿ ಬಗ್ಗಲಿಲ್ಲ. ಸಂಘ ಕೂಲಿ ಏರಿಸುವ ನಿರ್ಣಯ ಮಾಡಿತು. ನೂಲುವವಳ ಹೊಟ್ಟೆ ತುಂಬಿಸದ ಖಾದಿ ಎಷ್ಟು ಮಾರಾಟವಾದರೇನು ಎಂಬುದು ಅವರ ವಾದದ ತಿರುಳು. ನಾವು ಗಾಂಧಿಯ ಬಟ್ಟೆಯನ್ನು ಇಟ್ಟುಕೊಂಡು ಅವರ ಪ್ರಶ್ನೆಯನ್ನು ಕೈಬಿಟ್ಟೆವು.

ಖರೀದಿಯೇ ಹೋರಾಟ ಎಂದುಕೊಂಡಾಗ ಇನ್ನೊಂದು ಅಪಾಯವಿದೆ: ಸರ್ಕಾರ ತಪ್ಪಿಸಿಕೊಳ್ಳುತ್ತದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ ಬಂದದ್ದು 1985ರಲ್ಲಿ. ಆಗ ಪಟ್ಟಿಯಲ್ಲಿ 22 ಬಗೆಗಳಿದ್ದವು. ಈಗ ಉಳಿದಿರುವುದು 11. ಆ ಹನ್ನೊಂದರ ಮೀಸಲಾದರೂ ಪಾಲನೆಯಾಗುತ್ತಿದೆಯೇ ಎಂಬುದನ್ನು ಯಾವುದೇ ಊರಿನ ಬಟ್ಟೆಪೇಟೆಗೆ ಹೋಗಿ ನೋಡಬಹುದು. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 2020ರಲ್ಲಿ ಆ ದಿನಕ್ಕೆ ಎರಡು ವಾರವೂ ಇಲ್ಲದಾಗ ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದು ಮಾಡಿತು. ಆಗಸ್ಟ್ 7 ಬಂದಾಗ ಸೀರೆಯುಟ್ಟ ಫೋಟೋಗಳು ಎಂದಿನಂತೆ ಮೊಬೈಲ್ ತುಂಬಿದವು. 2017ರಲ್ಲಿ ಹೆಗ್ಗೋಡಿನ ಪ್ರಸನ್ನ ಮತ್ತು ಗ್ರಾಮ ಸೇವಾ ಸಂಘದವರು ಕೈಉತ್ಪನ್ನಗಳಿಗೆ ಜಿಎಸ್‌ಟಿ ಬೇಡ ಎಂದು ಸತ್ಯಾಗ್ರಹ ಹೂಡಿದಾಗ, ಕೈಮಗ್ಗದ ಅಭಿಮಾನಿಗಳಾದ ನಮ್ಮಲ್ಲಿ ಎಷ್ಟು ಜನ ಅವರ ಜೊತೆ ನಿಂತೆವು?

ಹಾಗಾದರೆ ಕೊಳ್ಳಬಾರದೇ ಎಂದು ನೀವು ಕೇಳಬಹುದು. ಖಂಡಿತ ಕೊಳ್ಳಿ. ನಾಳೆ ಎಲ್ಲರೂ ಕೊಳ್ಳುವುದು ನಿಲ್ಲಿಸಿದರೆ ಮಾವನಿಗೆ ಆ 1,100 ಕೂಡ ಇಲ್ಲ. ಆದರೆ ಕೊಳ್ಳುವಾಗ ಒಂದು ಪ್ರಶ್ನೆ ಹೆಚ್ಚು ಕೇಳಿ. ‘ಕೈಮಗ್ಗದ್ದಾ?’ ಎಂದು ಕೇಳಿದ ಮೇಲೆ ‘ನೇಯ್ದವರಿಗೆ ಎಷ್ಟು ಕೊಟ್ಟಿರಿ?’ ಎಂದೂ ಕೇಳಿ. ತಾವು ಕೊಡುವ ಕೂಲಿ ನ್ಯಾಯವಾದದ್ದು ಎನ್ನುವ ಸಂಸ್ಥೆಗಳು ಅದನ್ನು ಬೆಲೆಯ ಪಕ್ಕದಲ್ಲೇ ಬರೆಯಲಿ. ಪರಂಪರೆಯ ಬಗ್ಗೆ ಆರು ಸಾಲು ಬರೆಯುವ ಚೀಟಿಯಲ್ಲಿ ಮಜೂರಿಗೆ ಒಂದು ಸಾಲು ಹಿಡಿಸುವುದಿಲ್ಲವೇ? ಕಂಡಿಕೆ ಸುತ್ತಿದವಳ ಕೂಲಿಗೆ ಇನ್ನೊಂದು ಸಾಲು ಬೇಕು.

ಇಷ್ಟೆಲ್ಲ ಬರೆದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ಕ್ಷೇತ್ರಕಾರ್ಯಕ್ಕೆಂದು ಎರಡು ವರ್ಷ ನೇಕಾರರ ಮನೆಗಳಲ್ಲಿ ಕೂತಿದ್ದೇನೆ. ನನ್ನ ಪ್ರಶ್ನೆಗೆ ಉತ್ತರಿಸಲು ಅವರು ಲಾಳಿ ನಿಲ್ಲಿಸುತ್ತಿದ್ದರು. ಅಷ್ಟು ಹೊತ್ತು ಸೀರೆ ಮುಂದೆ ಹೋಗುತ್ತಿರಲಿಲ್ಲ. ನನಗೆ ಫೆಲೋಶಿಪ್ ಬರುತ್ತಿತ್ತು, ಅವರಿಗೆ ಮಜೂರಿ ಇಲ್ಲ. ಅದನ್ನು ನಾನು ‘ಸಹಕಾರ’ ಎಂದು ಕರೆದು ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮುಗಿಸುವವಳಿದ್ದೆ. ಸೀರೆಯ ಚೀಟಿಗೂ ನನ್ನ ಆ ಪುಟಕ್ಕೂ ವ್ಯತ್ಯಾಸವೇನು?

ಆ ಸೀರೆ ಕೊಳ್ಳಲಿಲ್ಲ. ಮಾವನಿಗೇ ಒಂದು ನೇಯಲು ಹೇಳಿದೆ. ಮಜೂರಿ ಎಷ್ಟು ಎಂದು ನೀವೇ ಹೇಳಿ ಎಂದೆ. ಬಹಳ ಹೊತ್ತು ಸುಮ್ಮನಿದ್ದ.

‘ನಲವತ್ತು ವರ್ಷದಾಗ ಯಾರೂ ಹಿಂಗ ಕೇಳಿಲ್ಲವಾ’ ಎಂದ. ‘ತಡಿ, ನಿಮ್ಮತ್ತೀನ ಕೇಳಿ ಹೇಳ್ತೀನಿ.’