ತಾಡಪತ್ರಿ ಬಿಗಿಯಾಗಿದ್ರೂ ಮಾಲಿಗೆ ಕೆಂಪು ಧೂಳು: ತಪ್ಪು ಡ್ರೈವರ್‌ದಾ, ಡೋರ್‌ದಾ, ರಸ್ತೆಯದಾ?

ಸಂಡೂರು: ಹೊಸಪೇಟೆ, ಬಳ್ಳಾರಿ ಕಡೆಯಿಂದ ಬೆಳಿಗ್ಗೆ ಮಾಲು ತುಂಬಿಕೊಂಡು ಬರೋ ಪಿಕಪ್ ಅಂಗಡಿ ಮುಂದೆ ನಿಲ್ಲುತ್ತೆ. ಮೇಲೆ ತಾಡಪತ್ರಿ ಬಿಗಿಯಾಗಿದೆ, ಹಗ್ಗ ಎಲ್ಲೂ ಸಡಿಲ ಆಗಿಲ್ಲ. ಆದರೂ ಹಿಂದಿನ ಡೋರ್ ಇಳಿಸಿದ ಕೂಡಲೇ ಬಿಸ್ಕತ್ ಬಾಕ್ಸ್ ಮೇಲೆ, ಬಟ್ಟೆ ಗಂಟಿನ ಮೇಲೆ, ಅಕ್ಕಿ ಚೀಲದ ಹೊಲಿಗೆ ಸಂದಿನಲ್ಲಿ ಕೆಂಪು ಧೂಳು ಕೂತಿರುತ್ತೆ.

ಜಗಳ ಶುರುವಾಗೋದು ಅಲ್ಲಿಂದಲೇ. ಸರಿಯಾಗಿ ಮುಚ್ಚಿಲ್ಲ ಅಂತ ಅಂಗಡಿಯವರು, ಮುಚ್ಚಿದ್ದು ಕಣ್ಣೆದುರಿಗೇ ಇದೆಯಲ್ಲ ಅಂತ ಡ್ರೈವರ್. ಕಡೆಗೆ ಬಾಡಿಗೆಯಲ್ಲಿ ನೂರಿನ್ನೂರು ಮುರಿದುಕೊಳ್ಳೋದು, ಇಲ್ಲಾ ಒಂದೆರಡು ಬಾಕ್ಸ್ ವಾಪಸ್ ಕಳಿಸೋದು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಅದೇ ಜಾಗದಿಂದ ಕೆಸರು ನೀರು. ತಾಲ್ಲೂಕಿನ ಅದಿರು ರಸ್ತೆಗಳಲ್ಲಿ ಓಡಾಡೋ ಗಾಡಿಗಳ ಕತೆ ವರ್ಷಪೂರ್ತಿ ಇದೇ.

ಇಬ್ಬರೂ ನೋಡದೇ ಇರೋ ಒಂದು ವಿಷಯ ಇದೆ. ಧೂಳು ಬಹುತೇಕ ಬರೋದು ಮೇಲಿಂದಲ್ಲ, ಹಿಂದಿನಿಂದ. ತಾಡಪತ್ರಿ ಎಷ್ಟೇ ದುಬಾರಿದು ತಂದು ಹಾಕಿದರೂ ಹಿಂದಿನ ಡೋರ್ ಸಂದು ಹಾಗೇ ಇದ್ದರೆ ಸಮಸ್ಯೆ ತೀರಲ್ಲ.

ಗಾಡಿಯೇ ಧೂಳನ್ನು ಎಳೆದುಕೊಳ್ಳುತ್ತೆ

ಪಿಕಪ್ ಮುಂದೆ ಓಡುವಾಗ ಗಾಳಿಯನ್ನು ಸೀಳಿಕೊಂಡು ಹೋಗುತ್ತೆ. ಸೀಳಿದ ಗಾಳಿ ಗಾಡಿಯ ಹಿಂಬದಿಗೆ ತಕ್ಷಣ ಬಂದು ಕೂಡಲ್ಲ. ಹಾಗಾಗಿ ಹಿಂದಿನ ಡೋರ್ ಪಕ್ಕ ಗಾಳಿಯ ಒತ್ತಡ ಕಡಿಮೆ ಆಗಿ ಒಂದು ಸುಳಿ ಏಳುತ್ತೆ. ಹಿಂದಿನ ಚಕ್ರ ಎಬ್ಬಿಸಿದ ಧೂಳೆಲ್ಲ ಇದೇ ಸುಳಿಯಲ್ಲಿ ತಿರುಗುತ್ತಾ ಡೋರ್‌ಗೆ ಅಂಟಿಕೊಂಡೇ ಬರುತ್ತೆ. ಮಣ್ಣು ದಾರಿಯಲ್ಲಿ ಓಡಿದ ಯಾವ ಕಾರು, ಬಸ್ಸಿನ ಹಿಂದಿನ ಗಾಜು ನೋಡಿದರೂ ಇದು ಗೊತ್ತಾಗುತ್ತೆ. ಮುಂದಿನ ಗಾಜು ಪರವಾಗಿಲ್ಲ, ಹಿಂದಿನದು ಪೂರ್ತಿ ಮುಚ್ಚಿಹೋಗಿರುತ್ತೆ.

ಇನ್ನು ಮೇಲಿನ ತಾಡಪತ್ರಿ. ವೇಗ ಹೆಚ್ಚಿದಂತೆ ಅದು ಬಲೂನಿನ ಹಾಗೆ ಉಬ್ಬೋದನ್ನು ಎಲ್ಲರೂ ನೋಡಿರ್ತಾರೆ. ಮೇಲಿನ ಗಾಳಿಯ ಒತ್ತಡ ಒಳಗಿನದಕ್ಕಿಂತ ಕಡಿಮೆ ಇರೋದರಿಂದ ಹಾಗಾಗುತ್ತೆ. ತಾಡಪತ್ರಿ ಉಬ್ಬಿ ಪಟಪಟ ಬಡಿದಾಗ ಅಂಚಿನ ಸಂದಿಯಿಂದ ಒಳಗಿನ ಗಾಳಿ ಹೊರಗೆ ಹೋಗುತ್ತೆ. ಹೋದಷ್ಟು ಗಾಳಿ ಬೇರೆ ಕಡೆಯಿಂದ ಒಳಗೆ ಬರಲೇಬೇಕು. ಅದಕ್ಕೆ ಸುಲಭದ ದಾರಿ ಹಿಂದಿನ ಡೋರ್ ಸಂದು, ನೆಲದ ತೂತು, ಚಕ್ರದ ಮೇಲಿನ ಜಾಯಿಂಟ್. ಅಲ್ಲಿರೋದು ಬರೀ ಧೂಳಿನ ಗಾಳಿ.

ಸಂದು ಸಣ್ಣದು ಅಂತ ಬಿಡೋ ಹಾಗಿಲ್ಲ. ಐದು ಅಡಿ ಅಗಲದ ಡೋರ್ ಕೆಳಗೆ ಬರೀ 5 ಮಿಲಿಮೀಟರ್ ಸಂದು ಇದ್ದರೂ ಒಟ್ಟು ಸುಮಾರು 75 ಚದರ ಸೆಂಟಿಮೀಟರ್ ಆಗುತ್ತೆ. ಡೋರ್‌ನಲ್ಲಿ ಅಂಗೈ ತೂರಿಸುವಷ್ಟು ಕಿಂಡಿ ಕೊರೆದಿಟ್ಟ ಲೆಕ್ಕ. ರಸ್ತೆಯ ನುಣುಪು ಧೂಳಿನ ಕಣ 75 ಮೈಕ್ರಾನ್‌ಗಿಂತ ಚಿಕ್ಕದು, ಅಂದರೆ ಒಂದು ಮಿಲಿಮೀಟರ್‌ನ ಹದಿಮೂರನೇ ಒಂದು ಭಾಗವೂ ಇಲ್ಲ. ಅದನ್ನು ಈ ಸಂದು ತಡೆಯೋದು ಸಾಧ್ಯವೇ ಇಲ್ಲ.

ಇದು ನಮ್ಮ ಕಡೆ ಮಾತ್ರ ಇರೋ ತೊಂದರೆಯೂ ಅಲ್ಲ. ಹಿಮ ಬೀಳೋ ದೇಶಗಳಲ್ಲಿ ಮುಚ್ಚಿದ ಪಿಕಪ್ ಒಳಗೆ ಪುಡಿ ಹಿಮ ಸೇರೋದೂ ಇದೇ ದಾರಿಯಲ್ಲಿ. ಆಸ್ಟ್ರೇಲಿಯಾದ ಮಣ್ಣು ರಸ್ತೆಗಳಲ್ಲಿ ಓಡೋ ಗಾಡಿಗಳಿಗೆ ಹಿಂದಿನ ಡೋರ್ ಸೀಲ್ ಮಾಡಿ, ಮೇಲಿನಿಂದ ಒಳಕ್ಕೆ ಗಾಳಿ ಹೊಗಿಸುವ ಕಿಂಡಿ ಇಡೋದು ಮಾಮೂಲು.

ಸಂಡೂರಲ್ಲಿ ಯಾಕೆ ಹೆಚ್ಚು?

ಕಾರಣ ಹೊಸದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ ಷರತ್ತು ಹಾಕಿ ಮತ್ತೆ ಬಿಟ್ಟಿತು. 2022ರಲ್ಲಿ ಬಳ್ಳಾರಿ ಭಾಗದ ವಾರ್ಷಿಕ ಮಿತಿಯನ್ನು 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ ಏರಿಸಿತು. ಇದೆಲ್ಲ ಲಾರಿಯಲ್ಲೇ ಹೋಗಲ್ಲ, ರೈಲು, ಕನ್ವೇಯರ್ ಬೆಲ್ಟ್ ಇವೆ. ಆದರೆ ಹತ್ತರಲ್ಲಿ ಒಂದು ಪಾಲು ಮಾತ್ರ ರಸ್ತೆಗೆ ಬಂತು ಅಂತ ಇಟ್ಟುಕೊಂಡರೂ 35 ಲಕ್ಷ ಟನ್. ಲಾರಿಗೆ 25 ಟನ್ ಲೆಕ್ಕ ಹಾಕಿದರೆ ವರ್ಷಕ್ಕೆ 1.4 ಲಕ್ಷ ಟ್ರಿಪ್, ದಿನಕ್ಕೆ 380ಕ್ಕೂ ಹೆಚ್ಚು. ಖಾಲಿ ವಾಪಸ್ ಬರೋ ಲಾರಿ ಬೇರೆ.

ಲಾರಿಯಿಂದ ಉದುರಿದ ಅದಿರನ್ನು ಚಕ್ರಗಳು ಅರೆದು ಹಿಟ್ಟು ಮಾಡುತ್ತವೆ. ಮುಂದಿನ ಗಾಡಿ ಅದನ್ನು ಎಬ್ಬಿಸುತ್ತೆ, ಹಿಂದಿನ ಪಿಕಪ್ ಎಳೆದುಕೊಳ್ಳುತ್ತೆ. ಹೀಗಾಗಿ ಕಿರಾಣಿ ಗಾಡಿ ಡ್ರೈವರ್ ಎಷ್ಟು ಜೋಪಾನ ಮಾಡಿದರೂ ಧೂಳಿನ ಮೂಲ ಅವರ ಕೈಯಲ್ಲಿಲ್ಲ.

ಏನು ಮಾಡಬಹುದು? ಮೊದಲು ಹಿಂದಿನ ಡೋರ್

ದೊಡ್ಡ ಖರ್ಚು ಬೇಡ, ಆದರೆ ಕೆಲಸ ಸರಿಯಾದ ಕ್ರಮದಲ್ಲಿ ಆಗಬೇಕು.

ಮೊದಲು ಸಂದು ಎಲ್ಲಿದೆ ಅಂತ ಹುಡುಕಬೇಕು. ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹಗಲು ಹೊತ್ತಲ್ಲಿ ತಾಡಪತ್ರಿ ಪೂರ್ತಿ ಮುಚ್ಚಿ ಒಬ್ಬರು ಒಳಗೆ ಕೂತು ನೋಡಿದರೆ ಸಾಕು. ಬೆಳಕು ಬರೋ ಕಡೆಯಿಂದೆಲ್ಲ ಧೂಳೂ ಬರುತ್ತೆ. ಚಾಕ್‌ಪೀಸ್‌ನಲ್ಲಿ ಗುರುತು ಹಾಕಿಕೊಳ್ಳಬಹುದು.

ಎರಡನೇದು ರಬ್ಬರ್ ಬೀಡಿಂಗ್. ಕಾರು, ಬಸ್ಸಿನ ಬಾಗಿಲಿಗೆ ಹಾಕೋ, ಒಳಗೆ ಟೊಳ್ಳಿರುವ ಮೆತ್ತನೆಯ ಬೀಡಿಂಗ್ ಡೋರ್‌ನ ಎರಡೂ ಪಕ್ಕಕ್ಕೆ ಸರಿ ಹೋಗುತ್ತೆ. ಅಂಟಿಸೋ ಮೊದಲು ಜಾಗವನ್ನು ತೊಳೆದು, ತುಕ್ಕು ಉಜ್ಜಿ, ಪೂರ್ತಿ ಒಣಗಿಸಬೇಕು. ಇಲ್ಲದಿದ್ದರೆ ಕೆಲವೇ ದಿನಕ್ಕೆ ಕಿತ್ತು ಬರುತ್ತೆ. ಕೆಳಗಿನ ಕೀಲಿನ ಜಾಗಕ್ಕೆ ಬೀಡಿಂಗ್ ನಿಲ್ಲಲ್ಲ. ಅಲ್ಲಿಗೆ ಹಳೇ ಲಾರಿ ಟ್ಯೂಬ್ ಅಥವಾ ತೆಳು ರಬ್ಬರ್ ಶೀಟ್ ಉದ್ದಕ್ಕೆ ಕತ್ತರಿಸಿ, ಬಾಡಿ ನೆಲಕ್ಕೆ ಪಟ್ಟಿ ಇಟ್ಟು ಬೋಲ್ಟ್ ಹಾಕಿ, ಡೋರ್ ಮೇಲೆ ಮಡಚಿ ಬರೋ ಹಾಗೆ ಬಿಡಬೇಕು. ಡೋರ್ ಹಾಕಿದಾಗ ರಬ್ಬರ್ ತಾನೇ ಒತ್ತಿಕೊಳ್ಳುತ್ತೆ. ಚಿಲಕ ಸಡಿಲ ಇದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಬೇಕು, ಡೋರ್ ಅಲುಗಾಡ್ತಾ ಇದ್ದರೆ ಯಾವ ಬೀಡಿಂಗೂ ಉಳಿಯಲ್ಲ.

ನೆಲದ ತೂತುಗಳನ್ನು ಮಾತ್ರ ವೆಲ್ಡಿಂಗ್ ಹೊಡೆಸಿ ಮುಚ್ಚಬಾರದು. ಅವು ನೀರು ಇಳಿಯೋಕೆ ಇರೋದು. ಮುಚ್ಚಿದರೆ ಮಳೆಗಾಲದಲ್ಲಿ ನೀರು ನಿಂತು ಚೀಲದ ತಳ ಒದ್ದೆ, ಬಾಡಿಗೂ ತುಕ್ಕು. ಬೇಕಾದಾಗ ತೆಗೆಯೋಕೆ ಬರೋ ರಬ್ಬರ್ ಬಿರಡೆ ಸಾಕು. ಹಿಂದಿನ ಚಕ್ರಕ್ಕೆ ಅಗಲದ ಮಡ್‌ಫ್ಲ್ಯಾಪ್ ಇದ್ದರೆ ಧೂಳು, ಕೆಸರು ಎರಡೂ ಸ್ವಲ್ಪ ತಗ್ಗುತ್ತೆ.

ಮೂರನೇದು ಮುಂದಿನ ಕಿಂಡಿ. ಕಮಾನು ಪೈಪ್ ಹಾಕಿ ಕ್ಯಾಬಿನ್‌ಗಿಂತ ಎತ್ತರಕ್ಕೆ ತಾಡಪತ್ರಿ ಕಟ್ಟಿದ ಗಾಡಿಗಳಿಗೆ ಮಾತ್ರ ಇದು. ಕ್ಯಾಬಿನ್ ಮೇಲಕ್ಕೆ ಕಾಣೋ ಮುಂಭಾಗದಲ್ಲಿ ಸಣ್ಣ ಕಿಂಡಿ ಬಿಟ್ಟು ಜಾಲರಿ, ಸ್ಪಂಜು ಹಾಕಿದರೆ ಎದುರು ಗಾಳಿ ಒಳಗೆ ನುಗ್ಗುತ್ತೆ. ಒಳಗಿನ ಒತ್ತಡ ಹೆಚ್ಚಾದರೆ ಸಂದಿಯಲ್ಲಿ ಗಾಳಿ ಹೊರಗೆ ಹೋಗುತ್ತೇ ಹೊರತು ಒಳಗೆ ಬರಲ್ಲ. ಮಳೆ ಬಂದಾಗ, ಅದಿರು ಲಾರಿ ಹಿಂದೆ ಸಿಕ್ಕಿಕೊಂಡಾಗ ಕಿಂಡಿ ಮುಚ್ಚೋಕೆ ಪಟ್ಟಿ ಇರಲೇಬೇಕು. ಹಿಂದಿನ ಡೋರ್ ಸೀಲ್ ಮಾಡದೆ ಬರೀ ಕಿಂಡಿ ಬಿಟ್ಟರೆ ಪ್ರಯೋಜನ ಕಡಿಮೆ.

ಕಡೇದು ಓಡಿಸೋ ರೀತಿ. ವೇಗ ಇಳಿಸಿದರೆ ಚಕ್ರ ಎಬ್ಬಿಸೋ ಧೂಳೂ ಇಳಿಯುತ್ತೆ, ತಾಡಪತ್ರಿ ಉಬ್ಬೋದೂ ಇಳಿಯುತ್ತೆ. ಮುಂದಿನ ಲಾರಿಯ ಧೂಳು ತಗ್ಗುವಷ್ಟು ದೂರ ಬಿಟ್ಟು ಹೋದರೆ ಇನ್ನೂ ಒಳ್ಳೇದು. ಆದರೆ ಎರಡು ಟ್ರಿಪ್ ಬಾಡಿಗೆಯಲ್ಲಿ ಮೂರು ಟ್ರಿಪ್ ಕೇಳೋ ಅಂಗಡಿಯವರು ಈ ಮಾತನ್ನು ಡ್ರೈವರ್‌ಗೆ ಹೇಳೋಕೆ ಬರಲ್ಲ.

ಎಲ್ಲದಕ್ಕೂ ಸೀಲ್ ಹಾಕಬಾರದು

ಟೊಮೇಟೊ, ಈರುಳ್ಳಿ, ಸೊಪ್ಪು ತರೋ ಗಾಡಿಗೆ ಗಾಳಿ ಆಡಬೇಕು. ಪೂರ್ತಿ ಬಿಗಿದರೆ ಧೂಳು ತಪ್ಪುತ್ತೆ, ಮಾಲು ಬೆವತು ಕೊಳೆಯುತ್ತೆ. ಗ್ಯಾಸ್ ಸಿಲಿಂಡರ್ ಸಾಗಿಸೋ ಗಾಡಿಗಂತೂ ಈ ಕೆಲಸ ಬೇಡವೇ ಬೇಡ, ಸೋರಿಕೆ ಆದರೆ ಗ್ಯಾಸ್ ಒಳಗೇ ತುಂಬಿಕೊಳ್ಳುತ್ತೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮದುವೆ, ಜಾತ್ರೆ, ಕೂಲಿ ಕೆಲಸ ಅಂತ ಇದೇ ಪಿಕಪ್‌ಗಳಲ್ಲಿ ಜನರನ್ನು ಕೂರಿಸಿ, ಬಿಸಿಲು ಮಳೆಗೆ ಅಂತ ತಾಡಪತ್ರಿ ಮುಚ್ಚಿ ಕರೆದುಕೊಂಡು ಹೋಗ್ತಾರೆ. ಧೂಳು ಎಳೆದುಕೊಳ್ಳೋ ಸಂದಿಯಿಂದಲೇ ಸೈಲೆನ್ಸರ್ ಹೊಗೆಯೂ ಒಳಗೆ ಬರುತ್ತೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆನೋವು, ವಾಂತಿ, ಮಂಪರು ಬಂದಾಗ ಬಿಸಿಲಿಗೆ ಅಂದುಕೊಳ್ತಾರೆ. ಸರಕು ಗಾಡಿಯಲ್ಲಿ ಜನ ಸಾಗಿಸೋದು ಕಾನೂನಿಗೂ ವಿರುದ್ಧ.

ಖರ್ಚು ಯಾರದು?

2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹೊಸ ಗಾಡಿ ತಗೊಂಡವರಿಗೆ ಅಷ್ಟರ ಮಟ್ಟಿಗೆ ಅನುಕೂಲ. ಆದರೆ ತಾಡಪತ್ರಿ, ಕಮಾನು, ಬೀಡಿಂಗ್ ಎಲ್ಲ ಮಾಲೀಕರೇ ಹಾಕಿಸಿಕೊಳ್ಳಬೇಕು. ಕಂತು ಕಟ್ಟೋದರಲ್ಲೇ ಇರೋರು ಇದನ್ನು ಮುಂದಕ್ಕೆ ಹಾಕ್ತಾ ಹೋಗ್ತಾರೆ. ಧೂಳಿನ ಕಾಟ ಅಂತ ಇಡೀ ಬಾಡಿಯನ್ನೇ ತಗಡಿನ ಕಂಟೇನರ್ ಮಾಡಿಸೋಕೆ ಹೊರಟವರು ಮೊದಲು ಆರ್‌ಟಿಒ ಒಪ್ಪಿಗೆ ತಗೋಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರೋ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ.

ಅಂಗಡಿಯವರ ಪಾಲೂ ಇದರಲ್ಲಿ ಇದೆ. ಆಹಾರ ಪದಾರ್ಥ ಸಾಗಿಸುವಾಗ ಧೂಳು, ಕೊಳೆ ತಾಗದ ಹಾಗೆ ನೋಡಿಕೊಳ್ಳಬೇಕು ಅಂತ ಆಹಾರ ಸುರಕ್ಷತೆಯ 2011ರ ನಿಯಮಗಳು ಹೇಳುತ್ತವೆ. ಧೂಳು ಹಿಡಿದ ಪ್ಯಾಕೆಟ್ ಒರೆಸಿ ಮಾರಿದರೆ ಪ್ರಶ್ನೆ ಅಂಗಡಿಗೆ ಬರುತ್ತೆ. ಜಗಳ ಬಗೆಹರಿಯದೇ ಇರೋದಕ್ಕೆ ಇನ್ನೊಂದು ಕಾರಣ, ಕೈಯಲ್ಲಿ ಕಾಗದ ಇಲ್ಲದಿರೋದು. ಮಾಲು ಯಾವ ಸ್ಥಿತಿಯಲ್ಲಿ ತುಂಬಿತು, ಎಷ್ಟು ಬೆಲೆ ಅಂತ ಬಿಲ್ಟಿ ಇಲ್ಲದಿದ್ದರೆ ನಷ್ಟ ಕೇಳೋಕೆ ಆಧಾರವೇ ಇರಲ್ಲ. ತುಂಬುವಾಗ ಒಂದು, ಇಳಿಸುವಾಗ ಒಂದು ಮೊಬೈಲ್ ಫೋಟೊ ತೆಗೆದಿಟ್ಟರೂ ಅರ್ಧ ಜಗಳ ಕಡಿಮೆ.

ಇನ್ನುಳಿದದ್ದು ರಸ್ತೆ. ಮಿತಿಗಿಂತ ಹೆಚ್ಚು ತುಂಬಿದ ಲಾರಿಗೆ ಕಾಯ್ದೆಯ 194ನೇ ಕಲಂನಲ್ಲಿ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ಇದೆ. ಗಣಿ ಬಾಧಿತ ಊರುಗಳ ಪುನಶ್ಚೇತನಕ್ಕೆ ಅಂತಲೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ, ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ಹೊಸ ರಸ್ತೆ ಆಗೋವರೆಗೆ ಕಾಯೋದು ಒಂದು ಮಾತು. ಇರೋ ರಸ್ತೆಯ ಅಂಚಿನ ಅದಿರು ಪುಡಿ ಗುಡಿಸಿ ತೆಗೆಯೋದು, ಹೊತ್ತಿಗೆ ಸರಿಯಾಗಿ ನೀರು ಹೊಡೆಯೋದು, ತಾಡಪತ್ರಿ ಇಲ್ಲದ ಅದಿರು ಲಾರಿ ತಡೆಯೋದು ಇವತ್ತೇ ಆಗಬೇಕಾದ ಕೆಲಸ.

ಅಲ್ಲಿಯವರೆಗೆ ಅಂಗಡಿಯವರು, ಗಾಡಿಯವರು ಸೇರಿ ಮಾಡಬಹುದಾದ ಒಂದು ಒಪ್ಪಂದ ಇದೆ. ವರ್ಷಪೂರ್ತಿ ಒಂದೇ ಪಿಕಪ್ ಬಳಸೋ ನಾಲ್ಕೈದು ಅಂಗಡಿಯವರು ಬೀಡಿಂಗ್ ಖರ್ಚನ್ನು ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಒಂದು ಬಾಕ್ಸ್ ವಾಪಸ್ ಕಳಿಸಿದ ನಷ್ಟಕ್ಕಿಂತ ಹೆಚ್ಚಾಗಲಿಕ್ಕಿಲ್ಲ. ಅದಾದ ಮೇಲೂ ಧೂಳು ಬಂದರೆ, ಡ್ರೈವರ್ ಮೇಲೆ ರೇಗೋ ಬದಲು ಇಬ್ಬರೂ ಫೋಟೊ ಹಿಡಿದು ಒಟ್ಟಿಗೆ ತಾಲ್ಲೂಕು ಕಚೇರಿಗೆ ಹೋಗಬಹುದು.